ಅಕ್ಕನ ಭರಣಿಯ ಹೆಪ್ಪು

ನಮ್ಮ ಮನೆಯಲ್ಲಿ ಬ್ರೆಡ್ ಅಂದರೆ ಜ್ವರ ಬಂದವರ ಊಟ. ಅಪ್ಪ ಶನಿವಾರಸಂತೆಯಿಂದ ಬರುವಾಗ ಕೈಚೀಲದ ಬಾಯಲ್ಲಿ ಬ್ರೆಡ್ಡಿನ ಪೊಟ್ಟಣ ಕಂಡರೆ ದಾರಿಯಲ್ಲಿ ಸಿಕ್ಕವರೆಲ್ಲ "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ಮೈ ನೆಟ್ಟಗಿರುವವರೂ ಅದನ್ನು ತಿನ್ನುತ್ತಾರೆ, ಅದನ್ನು ಮನೆಯಲ್ಲೇ ಮಾಡಬಹುದು ಎಂಬುದು ನಮಗೆ ಗೊತ್ತಾದದ್ದು ಅಕ್ಕನಿಂದ.

ಈಗ ವಾರಕ್ಕೊಂದು ಬ್ರೆಡ್ ನಾನೇ ಮಾಡುತ್ತೇನೆ. ಒಮ್ಮೊಮ್ಮೆ ಚೆನ್ನಾಗಿ ಬರುತ್ತದೆ. ಹೇಗೆ ಕಲಿತೆ ಎಂದು ಕೇಳಿದವರಿಗೆ ಮಗಳ ಫೋನಿನಲ್ಲಿ ನೋಡಿ ಕಲಿತೆ ಎನ್ನುತ್ತೇನೆ. ಯಾಕೆ ಕಲಿತೆ ಎಂದು ಯಾರೂ ಕೇಳಿಲ್ಲ. ಕೇಳಿದರೂ ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹತ್ತನೇ ಕ್ಲಾಸು ಮುಗಿಸಿ ಒಂದು ಎಸ್ಟೇಟಿನ ಬಂಗಲೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಮೊದಲು ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಅಲ್ಲಿ ಒಬ್ಬ ಮುದುಕ ಬಟ್ಲರ್ ಇದ್ದ. ಅವನು ಬ್ರೆಡ್ಡಿಗೆ ಅಂಗಡಿಯ ಈಸ್ಟ್ ಹಾಕುತ್ತಿರಲಿಲ್ಲ. ಯಾವ ಕಾಲದಲ್ಲೋ ಬೈನೆ ಮರದ ಕಳ್ಳಿನಲ್ಲಿ ಮೈದಾ ಕಲಸಿ ಹುಳಿ ಬರಿಸಿ, ಅದನ್ನೇ ಒಂದು ಭರಣಿಯಲ್ಲಿಟ್ಟು ದಿನಾ ಒಂದು ಹಿಡಿ ಹಿಟ್ಟು, ಸ್ವಲ್ಪ ನೀರು ಹಾಕಿ ಸಾಕಿಕೊಂಡು ಬಂದಿದ್ದ. ಬ್ರೆಡ್ ಕಲಸುವಾಗ ಅದರಿಂದ ಒಂದು ಸೌಟು ತೆಗೆಯುವುದು, ತೆಗೆದಷ್ಟನ್ನು ಭರಣಿಗೆ ಮತ್ತೆ ತುಂಬುವುದು. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ಅದಕ್ಕೇ ನಾವೂ ಅದನ್ನು ಹೆಪ್ಪು ಅಂತಲೇ ಕರೆದೆವು. ಬಟ್ಲರ್ ಸಾಯುವ ಮುಂಚೆ ಭರಣಿಯನ್ನು ಅಕ್ಕನ ಕೈಗೆ ಕೊಟ್ಟನಂತೆ. ಹೆಪ್ಪಿಗೆ ಎಷ್ಟು ವಯಸ್ಸಾಗಿದೆಯೋ ಅಕ್ಕನಿಗೂ ಗೊತ್ತಿರಲಿಲ್ಲ.

ಅಕ್ಕ ಬಂಗಲೆಗೆ ಹೋದ ಮರುವರ್ಷ, ಏಳನೇ ಕ್ಲಾಸು ಮುಗಿಯುತ್ತಲೇ ನನ್ನನ್ನು ಶಾಲೆ ಬಿಡಿಸಿದರು. ಮನೆಯಲ್ಲಿ ದನ ಇತ್ತು, ಗದ್ದೆ ಇತ್ತು, ಸ್ವಲ್ಪ ಕಾಫಿ ಇತ್ತು. ಒಬ್ಬಳು ಹೊರಗೆ ದುಡಿದರೆ ಇನ್ನೊಬ್ಬಳು ಮನೆಯಲ್ಲಿರಬೇಕು ಎಂದು ಅವ್ವ ಹೇಳಿದಳು. ಮದುವೆಯಾದಾಗ ಗಂಡನೇ ನಮ್ಮ ಮನೆಗೆ ಬಂದ. ಅಪ್ಪ ಹೋದಮೇಲೆ ಅವ್ವ ಒಂದು ದಿನ ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದಳು. ಸೊಂಟ ಮುರಿಯಿತು. ಮತ್ತೆ ಎದ್ದು ಓಡಾಡಲೇ ಇಲ್ಲ. ಐದು ವರ್ಷ ಅವಳ ಬಟ್ಟೆ ಒಗೆದವಳು, ಮೈ ಒರೆಸಿದವಳು, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚಿದವಳು ನಾನು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮುಂದೆ ಮಾಡಿದ್ದಕ್ಕೆ ಇದೇ ನೆಪವಾಯಿತು ಎಂಬುದಕ್ಕೆ ಹೇಳುತ್ತಿದ್ದೇನೆ.

ಬಂಗಲೆ ಕೈ ಬದಲಾಗಿ ರೆಸಾರ್ಟ್ ಆಯಿತು. ಹೊಸಬರು ಹೊಸ ಅಡುಗೆಯವರನ್ನು ತಂದರು. ಅಕ್ಕ ಒಂದು ಟ್ರಂಕು, ಎರಡು ಬ್ರೆಡ್ಡಿನ ಅಚ್ಚು, ಕಂಕುಳಲ್ಲಿ ಮಗುವಿನ ಹಾಗೆ ಬಟ್ಟೆ ಸುತ್ತಿದ ಭರಣಿ ಹಿಡಿದುಕೊಂಡು ಜೀಪಿನಿಂದ ಇಳಿದಳು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ನಾವು ಯಾರೂ ಮಾತಾಡುತ್ತಿರಲಿಲ್ಲ.

ಎರಡೇ ದಿನದಲ್ಲಿ ಹಿತ್ತಲಿನ ಚಪ್ಪರದ ಕೆಳಗೆ ಅವಳ ಒಲೆ ಸಿದ್ಧವಾಯಿತು. ದೊಡ್ಡ ಹಂಡೆಯ ತಳಕ್ಕೆ ಹೊಳೆಮರಳು ಹರಡಿ, ಅದರ ಮೇಲೆ ಅಚ್ಚು ಇಟ್ಟು, ತಟ್ಟೆ ಮುಚ್ಚಿ ತಟ್ಟೆಯ ಮೇಲೂ ಕೆಂಡ ಸುರಿಯುವುದು. ಬೆಂದಮೇಲೆ ಬ್ರೆಡ್ಡನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ತಳಕ್ಕೆ ಕುಟ್ಟಿ ಕಿವಿಗೊಡುತ್ತಿದ್ದಳು. ಟೊಳ್ಳು ಸದ್ದು ಬಂದರೆ ಸರಿ; ಮಂಕಾಗಿ ಕೇಳಿದರೆ ಮತ್ತೆ ಹಂಡೆಗೆ. ಬೇಲಿಯಾಚೆ ಮನೆಯ ಚಿಕ್ಕವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಮೊದಲ ದಿನ ಬೇಲಿಗೆ ಒರಗಿ ನೋಡಿ ನಕ್ಕಿದ್ದಳು.

"ಏನೆ ಅದು, ಬಾಗಿಲು ತಟ್ಟೋ ಹಂಗೆ ತಟ್ತೀಯ. ಒಳಗೆ ಯಾರಿದ್ದಾರೆ?"

"ಸಾಹೇಬ್ರು ಇದ್ದಾರೆ ಚಿಕ್ಕವ್ವ. ಎದ್ರೋ ಇಲ್ವೋ ನೋಡ್ತಿದ್ದೀನಿ."

ಚಿಕ್ಕವ್ವನಿಗೆ ಅಕ್ಕ ಅಂದರೆ ಜೀವ. ಹೆಣ್ಣುಮಕ್ಕಳಿಲ್ಲದ ಆಕೆ, ಅಕ್ಕ ಸಣ್ಣವಳಿದ್ದಾಗ ಅವಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಅಕ್ಕ ಮಾಡಿದ ಬ್ರೆಡ್ಡಿನ ಮೊದಲ ಅಂಚು ಯಾವಾಗಲೂ ಬೇಲಿ ದಾಟಿ ಆ ಮನೆಗೇ ಹೋಗುತ್ತಿತ್ತು.

ಅವ್ವ ಆಗ ಊಟವನ್ನೇ ಬಿಟ್ಟಂತಿದ್ದಳು. ನಾನು ಕೊಡುವ ರಾಗಿ ಗಂಜಿಯನ್ನು ಎರಡು ಗುಟುಕು ಕುಡಿದು ತಲೆ ತಿರುಗಿಸುತ್ತಿದ್ದಳು. ಅಕ್ಕ ಬ್ರೆಡ್ಡಿನ ಮೆದುವಾದ ಒಳಭಾಗವನ್ನು ಬಿಸಿ ಹಾಲಿನಲ್ಲಿ ನೆನೆಸಿ ಬಾಯಿಗಿಟ್ಟಳು. ಅವ್ವ ನುಂಗಿದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

"ನಿನ್ನ ಕೈಲಿ ಏನೋ ಇದೆ ಕಣೆ," ಎಂದಳು ಅಕ್ಕನಿಗೆ. ಆಮೇಲೆ ನನ್ನ ಕಡೆ ನೋಡಿ, "ಇವಳ ಗಂಜಿ ಕುಡಿದೂ ಕುಡಿದೂ ನಾಲಗೆ ಸತ್ತೇ ಹೋಗಿತ್ತು."

ತಮಾಷೆಗೇ ಹೇಳಿದ್ದು. ಅಕ್ಕ ಕೂಡಲೇ, "ಹಂಗನ್ಬೇಡವ್ವ, ಅವಳಿಲ್ದಿದ್ರೆ ನೀನೆಲ್ಲಿ ಇರ್ತಿದ್ದೆ," ಎಂದಳು. ಆ ಮಾತು ಇನ್ನೂ ಚುಚ್ಚಿತು. ನನ್ನ ಪರವಾಗಿ ಮಾತಾಡಲು ನಿನ್ನೆ ಮೊನ್ನೆ ಬಂದ ಇವಳು ಬೇಕಾಯಿತಲ್ಲ ಎನಿಸಿತು.

ಅಲ್ಲಿಂದ ಅವ್ವನ ಹೊತ್ತು ಹೊತ್ತಿಗೂ ಬ್ರೆಡ್ಡೇ. ನೋಡಲು ಬಂದವರಿಗೂ ಬ್ರೆಡ್ಡು. ಬಂದವರು ಅಕ್ಕನ ಬ್ರೆಡ್ಡಿನ ಮಾತಾಡುತ್ತ ಕೂತರೆ ನಾನು ಹಾಸಿಗೆಯ ಕೆಳಗಿನ ಬಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅಕ್ಕ ಎಷ್ಟೋ ಸಲ ಕರೆದಳು. "ಬಾರೆ, ಒಂದ್ಸಲ ಕಲಸಿ ನೋಡು. ಕೈಗೆ ಅಂಟಿದ್ರೆ ಅಂಟ್ಲಿ. ಅಂಟಂಟೇ ಇರ್ಬೇಕು ಇದು." ನಾನು, "ನಂಗ್ಯಾಕೆ ಬಂಗಲೆ ಊಟ, ನನ್ನ ರೊಟ್ಟಿ ನಂಗೆ ಸಾಕು," ಎಂದೆ. ಆವತ್ತು ಒಂದು ಸಲ ಕೈ ಹಾಕಿದ್ದರೆ, ಆಮೇಲೆ ನಾಲ್ಕು ತಿಂಗಳು ಹಿಟ್ಟು ಹಾಳು ಮಾಡುವುದು ತಪ್ಪುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಸಾವಾದರೆ ಒಳಗಿದ್ದ ಬೇಯಿಸಿದ್ದು, ನೆನೆಸಿದ್ದು, ಹಾಲು, ಮೊಸರು ಎಲ್ಲಕ್ಕೂ ಸೂತಕ. ಹನ್ನೊಂದನೇ ದಿನ ಮನೆ ಸಾರಿಸಿ ತೊಳೆಯುವಾಗ ಅದೆಲ್ಲ ಹೊರಗೆ ಹೋಗುತ್ತದೆ. ಅದಕ್ಕಾಗಿ, ಯಾರಾದರೂ ಕೊನೆಯ ಗಳಿಗೆಯಲ್ಲಿದ್ದಾರೆ ಎಂದು ಗೊತ್ತಾದರೆ, ಉಸಿರು ಇರುವಾಗಲೇ ಒಂದು ಬಟ್ಟಲು ಮೊಸರನ್ನು ಪಕ್ಕದ ಮನೆಗೆ ದಾಟಿಸುತ್ತಾರೆ; ದಾಯಾದಿಯ ಮನೆಯಾದರೂ ಒಲೆ ಬೇರೆಯಾಗಿದ್ದರೆ ಸಾಕು. ಹನ್ನೊಂದು ಕಳೆದಮೇಲೆ ಆ ಮನೆಯಿಂದ ಹೆಪ್ಪು ತಂದರೆ ನಮ್ಮ ಮೊಸರು ಮತ್ತೆ ನಮ್ಮ ಮನೆಗೇ ಬಂದಂತೆ.

ಕಾಫಿ ಕೊಯ್ಲಿನ ತಿಂಗಳು. ಒಂದು ಬೆಳಗ್ಗೆ ಅವ್ವನ ಉಸಿರು ಮೇಲಕ್ಕೆ ಹತ್ತಿತು. ಅಕ್ಕ ಔಷಧಿಗೆಂದು ಪೇಟೆಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ಕರೆದು ದನಿ ತಗ್ಗಿಸಿ ಹೇಳಿದಳು:

"ನಾನು ಬರೋದ್ರೊಳಗೆ ಏನಾದ್ರೂ ಆಗಂಗಿದ್ರೆ, ಮೊಸರಿನ ಜೊತೆ ನನ್ನ ಭರಣಿನೂ ಚಿಕ್ಕವ್ವನ ಮನೆಗೆ ಕೊಟ್ಬಿಡು. ಮೊಸರಿನ ಹೆಪ್ಪು ಯಾರ ಮನೇಲಾದ್ರೂ ಸಿಗುತ್ತೆ. ಇದು ಎಲ್ಲೂ ಸಿಗಲ್ಲ."

"ಅವ್ವ ಹಿಂಗಿರೋವಾಗ ನಿಂಗೆ ಹಿಟ್ಟಿನ ಚಿಂತೆ," ಎಂದೆ.

ಅವಳು ನನ್ನ ಮುಖ ನೋಡಿದಳು. "ಹೌದು. ಮರೀಬೇಡ," ಎಂದು ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಅವ್ವನ ಕೈಕಾಲು ತಣ್ಣಗಾದವು. ನಾನು ಬಾಗಿ ಕೂತಿದ್ದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿ, "ದೊಡ್ಡೋಳು ಬಂದ್ಲಾ?" ಎಂದು ಕೇಳಿದಳು. ಇಲ್ಲ ಎಂದೆ. ಕಣ್ಣು ಮುಚ್ಚಿದಳು. ಆಮೇಲೆ ಮಾತಾಡಲಿಲ್ಲ.

ನಾನು ಎದ್ದು ಅಡುಗೆಮನೆಗೆ ಹೋದೆ. ಒಂದು ಬಟ್ಟಲಿಗೆ ಮೊಸರು ಬಗ್ಗಿಸಿಕೊಂಡೆ. ಭರಣಿ ಒಲೆಯ ಮೂಲೆಯಲ್ಲಿ, ಬೆಚ್ಚಗಿರಲೆಂದು ಅಕ್ಕ ಇಟ್ಟಲ್ಲೇ ಇತ್ತು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈ ಖಾಲಿ. ಅದರ ಮುಂದೆಯೇ ದಾಟಿಕೊಂಡು ಬೇಲಿಯ ಹತ್ತಿರ ಹೋಗಿ ಚಿಕ್ಕವ್ವನಿಗೆ ಮೊಸರು ಕೊಟ್ಟು ಬಂದೆ. ಮರೆತಿರಲಿಲ್ಲ. ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದು ಕೂಡ ನೆನಪಿದೆ. ಒರೆಸಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ನಾನು ಒಳಗೆ ಬಂದು ಸ್ವಲ್ಪ ಹೊತ್ತಿಗೆ ಅವ್ವ ಹೋದಳು.

ಅಕ್ಕ ಬಂದು ಅತ್ತಳು. ಅತ್ತು ಮುಗಿಸಿ ನೀರು ಕುಡಿಯಲು ಒಳಗೆ ಹೋದವಳು ಭರಣಿ ನೋಡಿದಳು.

"ಕೊಡ್ಲಿಲ್ವಾ?"

"ಮರೆತೋಯ್ತು."

"ಹೋಗ್ಲಿ ಬಿಡು," ಎಂದಳು. "ಒಬ್ಬಳೇ ಇದ್ದೆ ನೀನು. ಹನ್ನೊಂದರ ದಿನ ಚಿಕ್ಕವ್ವನ್ನ ಕೇಳೋಣ, ಇಟ್ಕೋಬಹುದಾ ಅಂತ."

ಸೂತಕದ ದಿನಗಳಲ್ಲೂ ಅವಳು ಅದಕ್ಕೆ ಹಿಟ್ಟು ಹಾಕುವುದನ್ನು ಬಿಡಲಿಲ್ಲ. ಅವ್ವ ಮಲಗಿದ್ದ ಮೂಲೆಯಲ್ಲಿ ದೀಪ ಉರಿಯುತ್ತಿತ್ತು. ಇತ್ತ ಇವಳು ಭರಣಿಯಲ್ಲಿ ಚಮಚ ತಿರುವುತ್ತಿದ್ದಳು. ನೋಡಿದಾಗೆಲ್ಲ ನಾನು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದೆ.

ಹನ್ನೊಂದನೇ ದಿನ ಬೆಳಗ್ಗೆ ಅಕ್ಕ ಹಾಸಿಗೆ ಬಟ್ಟೆಗಳನ್ನೆಲ್ಲ ಹೊತ್ತುಕೊಂಡು ತೊರೆಗೆ ಹೋದಳು. ಮನೆಯ ಕೆಲಸಕ್ಕೆ ಚಿಕ್ಕವ್ವನದೇ ಯಜಮಾನಿಕೆ. ಯಾವುದು ಇಡಬೇಕು, ಯಾವುದು ಚೆಲ್ಲಬೇಕು ಎಂದು ಆಕೆ ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಕೊನೆಗೆ ಭರಣಿ ತೋರಿಸಿ, "ಇದು?" ಎಂದೆ.

ಚಿಕ್ಕವ್ವ ಮುಚ್ಚಳ ತೆಗೆದು ಮೂಸಿದಳು. "ಉಪ್ಪಿನಕಾಯಿ ಜಾಡಿ ಚೆಲ್ತೀವಾ? ಇದೂ ಹಂಗೇ ಅನ್ಕೊ. ಒಂದಿಷ್ಟು ಗಂಜಲ ಚಿಮುಕ್ಸಿ ಇಡು."

"ನೆನೆಸಿದ ಹಿಟ್ಟಲ್ವಾ ಚಿಕ್ಕವ್ವ? ಸೂತಕದ್ದು."

"ನಿನ್ನ ಶಾಸ್ತ್ರ ನೀನೇ ಇಟ್ಕೊ. ಅವಳಿಗೆ ಗಂಡನಾ ಮಕ್ಕಳಾ? ಅದೊಂದಿದೆ. ಇರ್ಲಿ ಬಿಡು." ಇಷ್ಟು ಹೇಳಿ ಆಕೆ ಅಡುಗೆಯವರನ್ನು ವಿಚಾರಿಸಲು ಅಂಗಳಕ್ಕೆ ಹೋದಳು.

ಮನೆಯ ಹಿರಿಯಳೇ ಚೆಲ್ಲುವುದು ಬೇಡ ಎಂದಮೇಲೆ ನನಗೆ ಇನ್ಯಾವ ಪದ್ಧತಿಯ ಒತ್ತಾಯವಿತ್ತು? ಯಾವುದೂ ಇಲ್ಲ. ಭರಣಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಬಗ್ಗಿಸಿದೆ. ಅದು ನೀರಿನ ಹಾಗೆ ಬೀಳಲಿಲ್ಲ. ಎಳೆ ಎಳೆಯಾಗಿ, ಬಿಡಲು ಮನಸ್ಸಿಲ್ಲದ ಹಾಗೆ ಇಳಿಯಿತು. ಗುಳ್ಳೆಗಳು ಒಡೆಯುತ್ತಿದ್ದವು. ಹುಳಿ ಹಣ್ಣಿನಂಥ ವಾಸನೆ. ಎರಡು ಕೋಳಿ ಓಡಿ ಬಂದು ಕುಕ್ಕಿದವು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಭರಣಿಯ ಒಳಗೋಡೆಗೆ ಅಂಟಿದ್ದ ಒಣ ಹಕ್ಕಳೆಗೆ ನೀರು ಹಿಟ್ಟು ಹಾಕಿದರೆ ಹೆಪ್ಪು ಮತ್ತೆ ಏಳುತ್ತದೆ ಎಂದು ಅಕ್ಕ ಒಮ್ಮೆ ಚಿಕ್ಕವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಬೂದಿ, ತೆಂಗಿನ ನಾರು ತಂದು ತಿಕ್ಕಿದೆ. ಎರಡು ಸಲ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದೆ.

ಅಕ್ಕ ಒದ್ದೆ ಬಟ್ಟೆಯ ಹೊರೆ ಇಳಿಸಿದ್ದೇ ಭರಣಿ ಕಂಡಿತು. ಎತ್ತಿ ಒಳಗೆ ಬೆರಳಾಡಿಸಿದಳು.

"ಯಾರು ಹೇಳಿದ್ದು?"

"ಚಿಕ್ಕವ್ವ. ಸೂತಕದ್ದು, ಚೆಲ್ಲು ಅಂದ್ರು."

"ತೊಳೆದೂ ಬಿಟ್ಯಾ," ಎಂದಳು. ಅದು ಪ್ರಶ್ನೆಯಲ್ಲ. ಭರಣಿ ಕೆಳಗಿಟ್ಟು ಬಟ್ಟೆ ಹರವಲು ಹೋದಳು.

ಅವಳು ಜಗಳದವಳಾಗಿದ್ದರೆ ಆವತ್ತೇ ಅಂಗಳಕ್ಕೆ ಹೋಗಿ ಚಿಕ್ಕವ್ವನನ್ನು ಕೇಳುತ್ತಿದ್ದಳು. ನನ್ನ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಜಗಳದವಳಲ್ಲ. ಅದು ನನಗೆ ಗೊತ್ತಿದ್ದೇ ಆ ಹೆಸರು ಹೇಳಿದ್ದು. ಹಿರಿಯರು ಹೇಳಿದ್ದನ್ನು ಅವಳು ಎದುರು ನಿಂತು ಕೇಳುವುದಿಲ್ಲ. ಒಳಗೇ ಇಟ್ಟುಕೊಂಡು ಮಾತು ಬಿಡುತ್ತಾಳೆ, ಅಷ್ಟೆ. ಹಾಗೆಯೇ ಮಾಡಿದಳು. ಚಿಕ್ಕವ್ವ ಕರೆದರೆ ಓಗೊಡುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಬೇಲಿಯ ಕಡೆ ಹೋಗುವುದನ್ನೇ ಬಿಟ್ಟಳು.

ಒಂದು ಸಲ ಯಾರಿಂದಲೋ ಬೈನೆ ಕಳ್ಳು ತರಿಸಿ ಮೈದಾ ಕಲಸಿದಳು. ಅದರಲ್ಲಿ ಏನು ಬೆರೆಸಿದ್ದರೋ, ಐದು ದಿನವಾದರೂ ಒಂದು ಗುಳ್ಳೆ ಬರಲಿಲ್ಲ. ಅದನ್ನು ತಾನೇ ಚೆಲ್ಲಿದಳು. ಅದೇ ವರ್ಷ ಗೋಣಿಕೊಪ್ಪಲಿನಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲ್ಲಿಗೆ ಅಡುಗೆಗೆ ಸೇರಿಕೊಂಡಳು. ಅಚ್ಚು, ಹಂಡೆ, ಭರಣಿ ಇಲ್ಲೇ ಬಿಟ್ಟುಹೋದಳು.

ಚಿಕ್ಕವ್ವ ನನ್ನನ್ನು ಕೇಳಿದಳು. "ನಿಮ್ಮಕ್ಕ ಯಾಕೆ ಹಿಂಗೆ ಮುಖ ತಿರುಗಿಸ್ಕೊಂಡು ಹೋದ್ಲು?"

"ಅವ್ವ ಹೋದ ಬೇಜಾರು," ಎಂದೆ.

"ನಿಮ್ಮವ್ವ ನಂಗೂ ವಾರಗಿತ್ತಿ ಅಲ್ವೇನೆ. ನಂಗೂ ಬೇಜಾರಿದೆ. ನಾನೇನು ಮುಖ ತಿರುಗಿಸಿದ್ನಾ?"

ಎರಡು ವರ್ಷ ಕಳೆಯಿತು. ಚಿಕ್ಕವ್ವ ಕಾಯಿಲೆ ಬಿದ್ದಳು. ನಾನು ದಿನಾ ಹೋಗಿ ಕೂತುಕೊಳ್ಳುತ್ತಿದ್ದೆ. ಒಂದು ಸಂಜೆ ನನ್ನ ಮಣಿಕಟ್ಟು ಹಿಡಿದು, "ನಾನೇನ್ ಮಾಡ್ದೆ ಅಂತ ಅವಳನ್ನ ಒಂದ್ಸಲ ಕೇಳೆ. ಗೊತ್ತಾದ್ರೆ ಸಾಕು. ಅವಳು ಬರ್ದೇ ಇದ್ರೂ ಚಿಂತೆ ಇಲ್ಲ," ಎಂದಳು. ಕೇಳ್ತೀನಿ ಎಂದೆ. ಮನೆಗೆ ಬಂದು ಫೋನ್ ಕೈಯಲ್ಲಿ ಹಿಡಿದೆ. ಹೇಳಬೇಕಾದ್ದು ನಾಲ್ಕೇ ಮಾತು. ಬದಲಿಗೆ ಅಕ್ಕನಿಗೆ, "ಚಿಕ್ಕವ್ವಂಗೆ ಕಾಯಿಲೆ ಜೋರಿದೆ, ಬಂದು ನೋಡ್ಕೊಂಡು ಹೋಗು," ಎಂದಷ್ಟೇ ಹೇಳಿದೆ.

"ಹುಡುಗೀರ ಪರೀಕ್ಷೆ ಇದೆ. ರಜೆ ಕೊಡಲ್ಲ," ಎಂದಳು ಅಕ್ಕ.

ಸತ್ತ ಸುದ್ದಿ ಹೇಳಿದಾಗಲೂ ಬರಲಿಲ್ಲ. ಚಿಕ್ಕವ್ವನ ಹೆಣದ ಮುಂದೆ ನೆಂಟರು, "ದೊಡ್ಡೋಳಿಗೆ ಇಷ್ಟು ಕಲ್ಲುಮನಸ್ಸಾ, ಸಾಕಿದ ಕೈ ಅಲ್ವಾ ಇದು," ಎಂದು ಮಾತಾಡಿಕೊಂಡರು. ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಅದಾದ ಮೇಲೆ ಬ್ರೆಡ್ ಮಾಡಲು ಶುರುಮಾಡಿದೆ. ಅಕ್ಕನಿಗೆ ಹೇಳಲೇಬೇಕು, ಆದರೆ ಬರಿಗೈಯಲ್ಲಿ ಹೋಗಿ ಹೇಗೆ ಹೇಳಲಿ ಎನಿಸಿತು. ಚೆಲ್ಲಿದ್ದನ್ನು ಮತ್ತೆ ಮಾಡಿ ಕೈಯಲ್ಲಿಟ್ಟರೆ ಹೇಳುವುದು ಸುಲಭವಾದೀತು ಎಂದುಕೊಂಡೆ. ಹಾಗೆ ಯೋಚಿಸಿದ್ದೂ ಒಂದು ಕಳ್ಳತನವೇ.

ಫೋನಿನಲ್ಲಿ ಬಿಳಿ ಅಡುಗೆಮನೆಯ ಹೆಂಗಸರು ಗ್ರಾಂ ಲೆಕ್ಕದಲ್ಲಿ ಹಿಟ್ಟು ತೂಗುತ್ತಾರೆ. ನನ್ನ ಹತ್ತಿರ ತಕ್ಕಡಿ ಇರಲಿಲ್ಲ. ಹಿಟ್ಟು ನೀರು ಕಲಸಿ ಅಕ್ಕನ ಭರಣಿಯಲ್ಲಿಟ್ಟೆ. ಮೊದಲ ಸಲ ಮೇಲೆ ಕಪ್ಪು ಬೂಷ್ಟು ಕಟ್ಟಿತು. ಎರಡನೇ ಸಲ ಸತ್ತ ಇಲಿಯ ವಾಸನೆ. ನಮ್ಮ ಚಳಿಗೆ ಅದು ಏಳುವುದೇ ಇಲ್ಲ. ಒಲೆಯ ಹತ್ತಿರ ಇಟ್ಟರೆ ಒಂದು ಕಡೆ ಬೆಂದೇಹೋಗುತ್ತದೆ. ತಾಳ್ಮೆಗೆಟ್ಟು ಪೇಟೆಯಿಂದ ಈಸ್ಟಿನ ಪೊಟ್ಟಣ ತಂದು ಹಾಕಿದೆ. ಹಿಟ್ಟು ಬುಸುಬುಸು ಉಬ್ಬಿತು. ಮೇಲೆ ಕೆಂಡ ಜಾಸ್ತಿಯಾಗಿ ತಲೆ ಕರಿಯಾಯಿತು, ಹೊಟ್ಟೆ ಹಸಿಯಾಗಿಯೇ ಉಳಿಯಿತು. ಮುಂದಿನದು ಬೆಂದಿತು, ಕಲ್ಲಾಯಿತು.

ನನ್ನ ಗಂಡ ಅದನ್ನು ಕೈಯಲ್ಲಿ ತೂಗಿ ನೋಡಿ, "ಕೊಟ್ಟಿಗೆ ಬಾಗಿಲು ಗಾಳಿಗೆ ಬಡ್ಕೊಳ್ತಿತ್ತು. ಇದನ್ನ ಅಡ್ಡ ಇಟ್ರೆ ಅಲ್ಲಾಡಲ್ಲ ನೋಡು," ಎಂದ. ನಿಜಕ್ಕೂ ಇಟ್ಟ. ಮೂರು ದಿನ ಅದು ಅಲ್ಲೇ ಇತ್ತು, ಇಲಿಯೂ ಮುಟ್ಟಲಿಲ್ಲ.

"ನಿಮ್ಮಕ್ಕನ್ನ ಕೇಳಿದ್ರೆ ಹೇಳ್ಕೊಡಲ್ವಾ?" ಎಂದು ಇನ್ನೊಮ್ಮೆ ಕೇಳಿದ. ಅವನಿಗೂ ಏನೂ ಗೊತ್ತಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಭರಣಿಯ ಹಿಟ್ಟು ತಾನಾಗಿ ಗುಳ್ಳೆ ಬಿಟ್ಟಿತು. ಕಂಬಳಿ ಸುತ್ತಿ, ಒಲೆಯಿಂದ ಒಂದು ಮೊಳ ದೂರದಲ್ಲಿಟ್ಟು, ಬೆಳಗ್ಗೆ ಸಂಜೆ ಹಿಟ್ಟು ಹಾಕುತ್ತಿದ್ದೆ. ಒಂದು ದಿನ ಮುಚ್ಚಳ ತೆಗೆದಾಗ ಹುಳಿ ಹಣ್ಣಿನ ವಾಸನೆ ಬಂತು. ಬಾಳೆಯ ಬುಡದಲ್ಲಿ ಬಂದಿದ್ದ ಅದೇ ವಾಸನೆ. ಹಿಟ್ಟನ್ನು ಅಂಟಂಟಾಗಿಯೇ ಬಿಟ್ಟು, ಏಳುವ ತನಕ ಕಾದು, ಮೇಲಿನ ಕೆಂಡ ಕಮ್ಮಿ ಮಾಡಿ ಬೇಯಿಸಿದೆ. ಬೋರಲು ಹಾಕಿ ಕುಟ್ಟಿದೆ. ಸದ್ದು ಟೊಳ್ಳಾಗಿತ್ತು.

ಮಾರನೇ ದಿನ ಮುಂಜಾನೆ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಎರಡು ಕಡೆ ಬಸ್ಸು ಬದಲಾಯಿಸಿ ಗೋಣಿಕೊಪ್ಪಲು ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಹಾಸ್ಟೆಲ್ಲಿನ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಅಕ್ಕ ಈರುಳ್ಳಿ ರಾಶಿಯ ಮುಂದೆ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಏನೆ, ಹೇಳ್ದೆ ಕೇಳ್ದೆ? ಯಾರಿಗೆ ಹುಷಾರಿಲ್ಲ?"

ಬಟ್ಟೆ ಬಿಚ್ಚಿ ಮುಂದಿಟ್ಟೆ. ಅವಳು ನನ್ನನ್ನು ನೋಡಿದಳು, ಬ್ರೆಡ್ಡನ್ನು ನೋಡಿದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಎತ್ತಿ ತಳಕ್ಕೆ ಕುಟ್ಟಿದಳು. ಮೂಸಿದಳು. ಈರುಳ್ಳಿ ಹೆಚ್ಚುವ ಚಾಕುವನ್ನು ತೊಳೆದು ಬಂದು ಕುಯ್ದಳು. ಒಂದು ಚೂರು ಬಾಯಿಗಿಟ್ಟು ನಿಧಾನ ಅಗಿದಳು.

"ಈಸ್ಟ್ ಹಾಕಿಲ್ಲ."

"ಇಲ್ಲ."

"ಇನ್ನೊಂದ್ ಹತ್ತು ನಿಮಿಷ ಬೇಯ್ಬೇಕಿತ್ತು. ಉಪ್ಪು ಕಮ್ಮಿ." ಇನ್ನೊಂದು ಚೂರು ತೆಗೆದುಕೊಂಡಳು. "ಬಂಗಲೆ ಊಟ ಬೇಡ ಅಂತಿದ್ದೋಳು." ನಕ್ಕಳು. ಎಷ್ಟೋ ವರ್ಷದ ಮೇಲೆ ಅವಳು ನಗುವುದನ್ನು ನೋಡಿದೆ. ಆ ನಗುವನ್ನು ಹಾಗೇ ಬಿಟ್ಟು ಊರಿಗೆ ಮರಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಅನಿಸಿದ್ದನ್ನೂ ಬರೆಯುತ್ತಿದ್ದೇನೆ.

"ಆವತ್ತು ಚಿಕ್ಕವ್ವ ಚೆಲ್ಲು ಅನ್ಲಿಲ್ಲ," ಎಂದೆ. "ಇಟ್ಕೊ ಅಂದ್ರು. ನಾನೇ ಚೆಲ್ಲಿದ್ದು. ಮೊದ್ಲು ಕೊಡೋಕೆ ಮರೆತಿದ್ದೂ ಸುಳ್ಳು."

ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದುದನ್ನು ನುಂಗಿದಳು. ಒಳಗೆ ಯಾರೋ ಕುಕ್ಕರ್ ಇಳಿಸಿದ ಸದ್ದು.

"ಯಾಕೆ?" ಎಂದು ಕೇಳಿದಳು.

ಬಸ್ಸಿನಲ್ಲಿ ಅಷ್ಟು ಹೊತ್ತು ಹೊಂದಿಸಿಕೊಂಡು ಬಂದಿದ್ದ ಮಾತುಗಳು ಬರಲಿಲ್ಲ. "ಅವ್ವ ನಿನ್ನನ್ನೇ ಕೇಳಿದ್ಲು," ಎಂದೆ.

"ಹೆಪ್ಪು ಹೋದ್ರೆ ಹೋಗ್ಲಿ," ಎಂದಳು ಅಕ್ಕ. ದನಿ ಏರಲಿಲ್ಲ. "ಹಿಟ್ಟು ನೀರು. ನೀನೂ ಮಾಡಿದ್ಯಲ್ಲ ಈಗ. ಚಿಕ್ಕವ್ವನ್ನ ಏನ್ಮಾಡ್ಲಿ ನಾನು?"

ನಾನು ಮೆಟ್ಟಿಲ ಮೇಲಿನ ಈರುಳ್ಳಿ ಸಿಪ್ಪೆ ಗುಡ್ಡೆ ಮಾಡತೊಡಗಿದೆ.

"ಕೇಳಿದ್ರಾ ನನ್ನ?"

"ಕೇಳಿದ್ರು. ಏನ್ ಮಾಡ್ದೆ ಅಂತ ಕೇಳು ಅಂದಿದ್ರು."

ಅದನ್ನು ಹೇಳದಿದ್ದರೆ ಒಳ್ಳೆಯದಿತ್ತೋ ಏನೋ. ಆದರೆ ಮತ್ತೊಂದು ಸುಳ್ಳು ಹೇಳಲು ಆಗಲಿಲ್ಲ. ಅಕ್ಕ ಎದ್ದಳು. ಕುಯ್ದ ಬ್ರೆಡ್ಡನ್ನು ಒಂದಕ್ಕೊಂದು ಜೋಡಿಸಿ, ಅದೇ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿ, ಗಂಟು ಹಾಕಿ ನನ್ನ ಮಡಿಲಲ್ಲಿಟ್ಟಳು.

"ಮೂರು ಗಂಟೆ ಬಸ್ ತಪ್ಪಿದ್ರೆ ನಿಂಗೆ ಮುಂದಿನ ಬಸ್ ಸಿಗಲ್ಲ," ಎಂದಳು. ಈರುಳ್ಳಿಯ ಮುಂದೆ ಕೂತು ಚಾಕು ಎತ್ತಿಕೊಂಡಳು.

ಅಂದಿನಿಂದ ಫೋನ್ ಮಾಡಿದರೆ ಎತ್ತುತ್ತಾಳೆ. ಚೆನ್ನಾಗಿದ್ದೀನಿ ಎನ್ನುತ್ತಾಳೆ. ಬೇರೆ ಮಾತಿಲ್ಲ. ಓಗೊಡುತ್ತಾಳೆ, ನಿಲ್ಲುವುದಿಲ್ಲ.

ನಾನು ಹೆಪ್ಪನ್ನು ಸಾಯಲು ಬಿಡಲಿಲ್ಲ. ಅರ್ಧವನ್ನು ಒಂದು ಡಬ್ಬಿಗೆ ಹಾಕಿ ಬೇಲಿ ದಾಟಿಸಿ ಚಿಕ್ಕವ್ವನ ಸೊಸೆಯ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ಸಾವಾದರೆ ಒಂದು ಕಡೆಯಾದರೂ ಉಳಿಯಲಿ, ದಿನಾ ಒಂದು ಹಿಡಿ ಹಿಟ್ಟು ಹಾಕು ಎಂದೆ. "ಈಗಲೇ ಯಾಕತ್ತಿಗೆ ಸಾವಿನ ಮಾತು," ಎಂದು ಬೈದಳು. ಆದರೂ ಇಟ್ಟುಕೊಂಡಳು. ಈ ವಿಷಯವನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಹೂಂ ಎಂದಳು.

ಕಳೆದ ತಿಂಗಳು ಸಂತೆಯಿಂದ ಬಂದು ಚೀಲ ಇಳಿಸುತ್ತಿದ್ದೆ. ಸೊಸೆ ಬೇಲಿಯ ಹತ್ತಿರ ಬಂದಳು.

"ದೊಡ್ಡತ್ತಿಗೆ ಬಂದಿದ್ರಲ್ಲ. ನೋಡಿದ್ರಾ?"

"ಯಾವಾಗ?"

"ಬೆಳಗ್ಗೆ ಬಂದು ಮಧ್ಯಾಹ್ನ ಹೋದ್ರು. ನಮ್ಮತ್ತೆ ಫೋಟೋ ಮುಂದೆ ಸುಮಾರು ಹೊತ್ತು ಕೂತಿದ್ರು. ಕಾಫಿ ಕೊಟ್ರೆ ಮುಟ್ಟಲಿಲ್ಲ. ಹೊರಡೋವಾಗ ಆ ಹೆಪ್ಪು ಇದೆಯಾ ಅಂದ್ರು. ಒಂದು ಬಾಟ್ಲಿಗೆ ಹಾಕಿಸ್ಕೊಂಡು ಹೋದ್ರು. ಚೆನ್ನಾಗಿ ಇಟ್ಟಿದ್ದೀಯ ಅಂದ್ರು." ಅವಳು ನನ್ನ ಮುಖ ನೋಡಿ ತಡೆದಳು. "ನಿಮ್ಮ ಮನೆ ಮುಂದೇನೇ ಹೋದ್ರಲ್ಲ ಅತ್ತಿಗೆ. ಅಣ್ಣ ಜಗಲಿ ಮೇಲೇ ಇದ್ರು. ಒಳಗೆ ಬರ್ಲಿಲ್ವಾ?"

"ಅವಸರ ಇತ್ತೇನೋ," ಎಂದೆ.

ಗಂಡನನ್ನು ಕೇಳಿದೆ. "ಕರೆದೆ, ಬಸ್ಸಿಗೆ ಹೊತ್ತಾಯ್ತು ಅಂದ್ರು," ಎಂದ. ಆ ಹೊತ್ತಿನಲ್ಲಿ ನಮ್ಮ ಊರಿಂದ ಯಾವ ಬಸ್ಸೂ ಇಲ್ಲ.

ಒಳಗೆ ಹೋಗಿ ಭರಣಿಯ ಮುಚ್ಚಳ ತೆಗೆದೆ. ಆ ದಿನ ಹಿಟ್ಟು ಹಾಕಿರಲಿಲ್ಲ. ಒಂದು ಹಿಡಿ ಹಾಕಿ, ನೀರು ಬಿಟ್ಟು, ತಿರುವಿ ಮುಚ್ಚಿಟ್ಟೆ.